ಕರಣೆ ಹಿಡಿದು ಕಲಿತದ್ದು

ಬಸವನಗುಡಿಯ ಹಳೆಯ ಮನೆಯೊಂದರ ನಡುಮನೆ. ಮಧ್ಯಾಹ್ನ ನಾಲ್ಕರ ಬಿಸಿಲು ಕಿಟಕಿಯ ಸರಳುಗಳ ನಡುವೆ ನುಸುಳಿ ಕೆಂಪು ನೆಲದ ಮೇಲೆ ಬಿದ್ದಿತ್ತು. ಗ್ರಾನೈಟಿನ ಮೇಲೆ ಬಿದ್ದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಅದು ನೆಲದೊಳಗೆ ಇಳಿದು, ಅರೆಗಳಿಗೆ ತಂಗಿ, ಮೆತ್ತಗಾಗಿ ಮೇಲೆ ಬರುತ್ತಿತ್ತು. ಮೂರು ತಲೆಮಾರಿನ ಕಾಲುಗಳು ತಿಕ್ಕಿದ ನೆಲ. ಹಜಾರದಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಹೊಳಪು ಒಂದಿಷ್ಟು ಹೆಚ್ಚು, ಗೋಡೆಯಂಚಿನಲ್ಲಿ ಕಡಿಮೆ. ಆ ಮನೆಯ ಹೆಂಗಸರು ದಿನಕ್ಕೆ ಎಷ್ಟು ಸಲ ಓಡಾಡಿದರೆಂಬುದು ನೆಲದ ಮೇಲೇ ಉಳಿದಿತ್ತು.

ಹದಿನೆಂಟು ವರ್ಷ ಒಳಾಂಗಣ ವಿನ್ಯಾಸದ ಕೆಲಸ ಮಾಡಿದ ಮೇಲೆ ನಾನು ಇಂಥ ನೆಲವನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಅಂದು. ಅದಕ್ಕೆ ಮೊದಲು ಎಷ್ಟೋ ಕೆಂಪು ನೆಲಗಳನ್ನು ಒಡೆಸಿ ಟೈಲ್ಸ್ ಹಾಕಿಸಿದ್ದೇನೆ. ಈ ಮನೆಯವರು ಮಾತ್ರ ಒಂದೇ ಮಾತು ಹೇಳಿದರು: ನೆಲ ಮುಟ್ಟಬೇಡಿ. ಆದರೆ ನಡುವಿನ ಒಂದು ಗೋಡೆ ತೆಗೆಯಲೇಬೇಕಿತ್ತು. ಗೋಡೆ ಹೋದ ಜಾಗದಲ್ಲಿ ಒಂಬತ್ತು ಅಂಗುಲ ಅಗಲ, ಹನ್ನೆರಡು ಅಡಿ ಉದ್ದದ ಗಾಯ. ಅದನ್ನು ತುಂಬುವ ವಿದ್ಯೆ ನನ್ನ ಡಿಪ್ಲೊಮಾದಲ್ಲಿ ಇರಲಿಲ್ಲ, ಯಾವ ಕಂಪನಿಯ ಕ್ಯಾಟಲಾಗಿನಲ್ಲೂ ಇರಲಿಲ್ಲ.

ಹುಡುಕಿದಾಗ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿ. ಬಂದವರೇ ಏನೂ ಮಾತಾಡದೆ ಕುಕ್ಕರುಗಾಲಲ್ಲಿ ಕೂತು, ಕರಣೆಯ ಹಿಡಿಯಿಂದ ನೆಲವನ್ನು ಅಲ್ಲಲ್ಲಿ ಕುಟ್ಟಿ ಕಿವಿಗೊಟ್ಟರು. ಗಟ್ಟಿ ಇದ್ದಲ್ಲಿ ಒಂದು ಸದ್ದು, ತಳ ಬಿಟ್ಟುಕೊಂಡಲ್ಲಿ ಪೊಳ್ಳು ಸದ್ದು. ನನಗೂ ಕುಟ್ಟಲು ಹೇಳಿದರು. ನಾಲ್ಕನೆಯ ಸಲಕ್ಕೆ ವ್ಯತ್ಯಾಸ ಕೇಳಿಸಿತು. ನಲವತ್ತೆರಡನೆಯ ವಯಸ್ಸಿನಲ್ಲಿ ಕಿವಿಗೆ ಹೊಸದೊಂದು ಅಕ್ಷರ ಕಲಿಸಿದ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಹೊಸ ಕೆಂಪನ್ನು ಹಳೆಯ ಕೆಂಪಿಗೆ ಹೊಂದಿಸಬೇಕೆಂದು ನಾನು ಬಣ್ಣದ ಮಾದರಿಗಳನ್ನು ಹರಡಿದೆ. ಅವರು ನೋಡಿ ತಲೆಯಾಡಿಸಿದರು. "ಹಳೇದಕ್ಕೆ ಹೊಸದು ಸೇರಕಿಲ್ಲ ಅಮ್ಮಾ. ಸೇರಿಸಕ್ಕೆ ಹೋದ್ರೆ ತೇಪೆ ಹಂಗೆ ಕಾಣ್ತದೆ. ಎರಡು ಕಡೆ ಕಪ್ಪು ಪಟ್ಟಿ ಕೊಡಣ, ಬೇಕು ಅಂತ್ಲೇ ಮಾಡ್ದಂಗಿರ್ತದೆ." ಗಾಯವನ್ನು ಅಡಗಿಸುವ ಬದಲು ಅದಕ್ಕೆ ಅಂಚು ಕಟ್ಟುವುದು. ವಿನ್ಯಾಸದ ಬಗ್ಗೆ ನಾನು ಕೇಳಿದ ಎಷ್ಟೋ ಭಾಷಣಗಳಿಗಿಂತ ಈ ಮೂರು ವಾಕ್ಯ ದೊಡ್ಡವು.

ಮರುದಿನ ಬೆಳಗ್ಗೆ ಏಳಕ್ಕೆ ಕೆಲಸ ಶುರು. ಸಿಮೆಂಟು ಮತ್ತು ಕೆಂಪು ಆಕ್ಸೈಡನ್ನು ಒಣಗಿದ್ದಾಗಲೇ ಬೆರೆಸಿ, ತೆಳುಬಟ್ಟೆಯಲ್ಲಿ ಮತ್ತೆ ಮತ್ತೆ ಜರಡಿ ಹಿಡಿದರು. ಬಣ್ಣದ ಒಂದು ಕಾಳು ಒಡೆಯದೆ ಉಳಿದರೂ ನಾಳೆ ನೆಲದ ಮೇಲೆ ಅದು ಗೀಟಾಗಿ ಎಳೆದುಕೊಳ್ಳುತ್ತದೆ. ತಳದ ಗಾರೆ ಇನ್ನೂ ಹಸಿಯಾಗಿರುವಾಗಲೇ ಮೇಲಿನ ಪದರ ಬೀಳಬೇಕು, ತಳ ಒಣಗಿದರೆ ಎರಡೂ ಒಂದನ್ನೊಂದು ಹಿಡಿಯುವುದಿಲ್ಲ. ಹಿಡಿದ ಕೆಲಸ ನಡುವೆ ನಿಲ್ಲುವಂತಿಲ್ಲ. ಊಟಕ್ಕೆ ಎದ್ದರೆ ಎದ್ದ ಜಾಗದಲ್ಲೊಂದು ಗೆರೆ ಶಾಶ್ವತ.

ಆಮೇಲೆ ಕರಣೆಯ ಕೆಲಸ. ಇದನ್ನು ನಾನು ನಿಧಾನವಾಗಿಯೇ ಹೇಳಬೇಕು. ಮೊದಲ ಸುತ್ತಿನಲ್ಲಿ ಉಕ್ಕಿನ ಕರಣೆ ಸರ್ರೆಂದು ಒರಟಾಗಿ ಸದ್ದು ಮಾಡುತ್ತದೆ, ನೆಲ ಮಂಕಾದ ಇಟ್ಟಿಗೆಯ ಬಣ್ಣದಲ್ಲಿರುತ್ತದೆ. ನೀರು ಹಿಂಗುತ್ತ ಬಂದ ಹಾಗೆ ಸದ್ದು ಸಣ್ಣಗಾಗುತ್ತದೆ. ಯಾವ ಗಳಿಗೆಯಲ್ಲಿ ಮುಂದಿನ ಸುತ್ತು ಹಿಡಿಯಬೇಕೆಂದು ಗಡಿಯಾರ ಹೇಳುವುದಿಲ್ಲ. ಬೆರಳ ತುದಿ ಇಟ್ಟರೆ ಗುರುತು ಮೂಡಬೇಕು, ಬಣ್ಣ ಮಾತ್ರ ಬೆರಳಿಗೆ ಹತ್ತಬಾರದು. ಅದು ಹದ. ಬೇಗ ಒತ್ತಿದರೆ ನೀರು ಮೇಲೆ ಬಂದು ಬಿಳಿಚುತ್ತದೆ, ತಡವಾದರೆ ಉಕ್ಕು ಕಪ್ಪು ಗೀರು ಬಿಡುತ್ತದೆ. ನಮ್ಮಲ್ಲಿ ಬೆಲ್ಲದ ಪಾಕಕ್ಕೂ ಹದ, ಉಳುವ ಮಣ್ಣಿಗೂ ಹದ, ಗಾರೆಗೂ ಹದ. ಒಂದೇ ಪದ ಇಷ್ಟು ಕಡೆ ಸಲ್ಲುವುದು ಅದನ್ನು ಬೆರಳಿಂದ ಮಾತ್ರ ಕಲಿಯಲು ಸಾಧ್ಯವಾದ್ದರಿಂದಲೇ ಇರಬೇಕು. "ಒತ್ತಬ್ಯಾಡಿ, ಹಂಗೇ ಜಾರಿಸಿ" ಎಂದು ಅವರು ನನ್ನ ಮಣಿಕಟ್ಟು ಹಿಡಿದು ತೋರಿಸಿದರು. ಐದನೆಯ ಸುತ್ತಿನ ಹೊತ್ತಿಗೆ ಸದ್ದು ಬಹುತೇಕ ಇಲ್ಲವಾಯಿತು. ಕರಣೆಯ ಹಿಂದೆಯೇ ಒಂದು ಸಣ್ಣ ಬೆಳಕು ಹರಿಯತೊಡಗಿತು.

ಮರುದಿನ ಮರಳಿನ ಪುಟ್ಟ ಬದು ಕಟ್ಟಿ ನೀರು ನಿಲ್ಲಿಸಿದರು. ಒಂದು ವಾರ ಹಾಗೇ. ಕೊನೆಗೆ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದರು. ಈ ಕೆಂಪು ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನ ಬಳಗದ್ದು. ಬಿಸಿಲಿಗೆ ಮಾಸುವುದಿಲ್ಲ. ಇಂದು ನಾವು ಕೊಳ್ಳುವ ನೆಲಗಳೆಲ್ಲ ಹಾಕಿದ ದಿನವೇ ಅತ್ಯಂತ ಚೆಂದ, ಅಲ್ಲಿಂದ ಮುಂದೆ ಇಳಿಮುಖ. ಈ ನೆಲ ಮೊದಲ ದಿನ ಸಾಧಾರಣ, ಮೂವತ್ತು ವರ್ಷಕ್ಕೆ ಸುಂದರ.

ಆ ಕೆಲಸದ ನಂತರ ನನಗೆ ಕಲಿಕೆಯ ರುಚಿ ಹತ್ತಿತು. ಸುಣ್ಣದ ಕಾರ್ಯಾಗಾರವೊಂದಕ್ಕೆ ಹೋದೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಅದು ಬುಸುಗುಟ್ಟಿ, ಕುದಿದು, ಬಿರಿದು, ಬೆಣ್ಣೆಯಾಗುವುದನ್ನು ನೋಡುತ್ತ ನಿಂತೆ. ಅದಕ್ಕೆ ಅರಳುವುದು ಎಂದು ಹೆಸರಿಟ್ಟವರ ಕಣ್ಣಿಗೆ ನಮಸ್ಕಾರ. ಸುಡುವಾಗ ಕಲ್ಲಿನಿಂದ ಹೊರಟುಹೋದ ಇಂಗಾಲದ ಡೈಆಕ್ಸೈಡನ್ನು ಸುಣ್ಣ ಗೋಡೆಯ ಮೇಲೆ ಕೂತು, ಗಾಳಿಯಿಂದ ನಿಧಾನವಾಗಿ ವಾಪಸು ಹೀರಿಕೊಂಡು, ಮತ್ತೆ ಕಲ್ಲಾಗುತ್ತದೆ. ಇಷ್ಟು ತಿಳಿದ ಮೇಲೆ ಸುಣ್ಣದ ಗೋಡೆಗೆ ಪ್ಲಾಸ್ಟಿಕ್ ಪೇಂಟು ಬಳಿಯಲು ಕೈ ಬರುವುದಿಲ್ಲ. ಕರಾವಳಿಯ ಹಳೆಯ ದೇವಸ್ಥಾನಗಳ ಕಾವಿ ಚಿತ್ರಗಳು ಆಗ ಅರ್ಥವಾದವು: ಬಿಳಿ ಸುಣ್ಣದ ಗಿಲಾವಿನ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿಯಿರುವಾಗಲೇ ಕೆರೆದು ಒಳಗಿನ ಬಿಳಿಯನ್ನು ಹೊರತರುವ ಚಿತ್ರ ಅದು. ಚಿತ್ರಕಾರ ಬಿಡಿಸುವುದಕ್ಕಿಂತ ಹೆಚ್ಚಾಗಿ ತೆಗೆಯುತ್ತಾನೆ.

ಮುಂದೆ ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮ. ವಿಜಯನಾಥ ಶೆಣೈ ಅವರು ನೆಲಸಮವಾಗಲಿದ್ದ ಮನೆಗಳನ್ನು ಬಿಚ್ಚಿ, ತಂದು, ಮತ್ತೆ ನಿಲ್ಲಿಸಿದ ಜಾಗ. ಅಲ್ಲಿನ ಚೌಕಿಮನೆಯಲ್ಲಿ ಅರ್ಧ ದಿನ ಸುಮ್ಮನೆ ಕೂತೆ. ಬಾಗಿಲು ತಗ್ಗು, ತಲೆ ಬಾಗಿಸಿ ಒಳಗೆ ಹೋಗಬೇಕು. ಬಾಗಿದ ತಲೆ ಎತ್ತುವಾಗ ಎದುರಿಗೆ ತೆರೆದ ಅಂಗಳ, ಆಕಾಶದ ಒಂದು ಚೌಕ. ಕತ್ತಲೆಯನ್ನು ಹೀಗೆ ಬಳಸಬಹುದೆಂದು ನಮ್ಮ ಲೈಟಿಂಗ್ ಪಾಠದಲ್ಲಿ ಯಾರೂ ಹೇಳಿರಲಿಲ್ಲ.

ವೃತ್ತಿಯಲ್ಲಿದ್ದವರು ಕಲಿಯುತ್ತಿರಲೇಬೇಕೆಂದು ಬೇರೆ ದೇಶಗಳಲ್ಲಿ ಕಟ್ಟಳೆಗಳಿವೆ. ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ರೀಬಾ ತನ್ನ ಸದಸ್ಯರಿಂದ ವರ್ಷಕ್ಕೆ ಕನಿಷ್ಠ 35 ಗಂಟೆಗಳ ಕಲಿಕೆ ಬಯಸುತ್ತದೆ. ನಮ್ಮಲ್ಲಿ 1972ರಲ್ಲಿ ವಾಸ್ತುಶಿಲ್ಪಿಗಳ ಕಾಯ್ದೆ ಬಂತು. ಅದೇ ವರ್ಷ ಒಳಾಂಗಣ ವಿನ್ಯಾಸಕಾರರ ಸಂಸ್ಥೆ ಐಐಐಡಿ ಕೂಡ ಹುಟ್ಟಿತು. ಆದರೆ ಆ ಕಾಯ್ದೆಯ ನೋಂದಣಿ ಒಳಾಂಗಣ ವಿನ್ಯಾಸಕಾರರಿಗಿಲ್ಲ. ಹೀಗಾಗಿ ಡಿಪ್ಲೊಮಾ ಮುಗಿದ ದಿನ ಕಲಿಕೆಯೂ ಮುಗಿದರೆ ಕೇಳುವವರಿಲ್ಲ. ಗಂಟೆ ಲೆಕ್ಕದ ಕಲಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಂಕಿ ಸುರಕ್ಷತೆ, ವಿದ್ಯುತ್ತು, ವಯಸ್ಸಾದವರಿಗೆ ಜಾರದ ಬಚ್ಚಲು, ಇವೆಲ್ಲ ತರಗತಿಯಲ್ಲಿ ಕೂತು ಕಲಿಯಬೇಕಾದವೇ, ಕಡ್ಡಾಯವಾಗಬೇಕಾದವೇ. ಆದರೆ ಆ 35 ಗಂಟೆಗಳಲ್ಲಿ ಏಳೆಂಟಾದರೂ ಕೈ ಕೆಸರಾಗುವ ಗಂಟೆಗಳಾಗಿರಬೇಕು. ಆರೋವಿಲ್ ಅರ್ತ್ ಇನ್‌ಸ್ಟಿಟ್ಯೂಟ್ 1989ರಿಂದ ಮಣ್ಣಿನ ಕಟ್ಟಡದ ಪಾಠವನ್ನು ಹಾಗೆಯೇ ನಡೆಸಿಕೊಂಡು ಬಂದಿದೆ. ಅಲ್ಲಿ ಮಣ್ಣನ್ನು ಮೊದಲು ಮೂಸಿ, ಮುಟ್ಟಿ, ಉಂಡೆ ಕಟ್ಟಿ ಗುರುತಿಸಬೇಕು.

ಬಸವನಗುಡಿಯ ಆ ಮನೆಗೆ ಕಳೆದ ತಿಂಗಳು ಹೋಗಿದ್ದೆ. ಕಪ್ಪು ಅಂಚಿನ ನಡುವಿನ ಹೊಸ ಕೆಂಪು ಈಗ ಆರು ವರ್ಷದ್ದು. ಹಳೆಯದಕ್ಕಿಂತ ಇನ್ನೂ ಒಂದು ಛಾಯೆ ಎಳೆಯದು. ಮೊಮ್ಮಗಳು ಅದರ ಮೇಲೆ ಅಂಬೆಗಾಲಿಡುತ್ತಿದ್ದಳು.

ಮೇಸ್ತ್ರಿಯ ಮಂಡಿ ಈಗ ಕೂರಲು ಬಿಡುವುದಿಲ್ಲ. ಮಗ ಟೈಲ್ಸ್ ಹಾಕುವ ಕೆಲಸದಲ್ಲಿದ್ದಾನೆ, ಅದರಲ್ಲಿ ದುಡಿಮೆ ಚೆನ್ನಾಗಿದೆ. ನನ್ನ ವೃತ್ತಿಬಾಂಧವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ಕರಣೆ ಹಿಡಿದ ಇಂಥ ಹಿರಿಯರು ಒಬ್ಬರಾದರೂ ಇದ್ದಾರು. ಅವರ ಒಂದು ವಾರದ ಕೂಲಿಯನ್ನು ಮುಂಗಡ ಕೊಟ್ಟು, ಒಂದು ಚಿಕ್ಕ ಕೋಣೆಯ ನೆಲ ಹಾಕಿಸಿ, ಪಕ್ಕದಲ್ಲಿ ಕೂತು ಕಲಿಯಿರಿ. ಈ ಬೇಸಿಗೆಯಲ್ಲೇ ಹೋಗಿ.