‘ಇದೇನು?’ ಎಂದು ಕೇಳಿದರೆ ಓದಿದಂತಲ್ಲ

ಬೆಂಗಳೂರಿನ ಜಯನಗರ, ಬನಶಂಕರಿಯ ಸ್ಪೀಚ್ ಥೆರಪಿ ಕ್ಲಿನಿಕ್‌ಗಳಲ್ಲಿ ತರಬೇತಿ ಪಡೆಯುವ ವಿದ್ಯಾರ್ಥಿಗಳ ಕೈಯಲ್ಲಿ ಆಟದ ಸಾಮಾನಿನ ಜೊತೆ ಕತೆಪುಸ್ತಕವೂ ಕಾಣುತ್ತದೆ. ಸಂತೋಷ. ಆದರೆ ಪುಟ ತೆರೆದೊಡನೆ ಶುರುವಾಗುವುದು ‘ಇದೇನು?’, ‘ಯಾವ ಬಣ್ಣ?’, ‘ಎಷ್ಟಿವೆ?’ ಹೆಚ್ಚು ಪ್ರಶ್ನೆ ಕೇಳಿದಷ್ಟೂ ಓದು ಸಂವಾದವಾಗುತ್ತದೆ ಎಂಬ ನಂಬಿಕೆ ಬೇರೂರಿದೆ. ಅದು ತಪ್ಪು. ಕನ್ನಡದ ಮಗುವಿಗಂತೂ ಅದರಿಂದ ನಷ್ಟ.

‘ಇದೇನು?’ ಎಂದರೆ ಬರುವುದು ಹೆಸರು: ನಾಯಿ, ಚೆಂಡು, ಮರ. ಕನ್ನಡದ ಕಸುವಿರುವುದು ಕ್ರಿಯಾಪದದಲ್ಲಿ. ಮಗು ‘ಬಿತ್ತು’ ಎಂದರೆ ಅದೇ ಪೂರ್ತಿ ವಾಕ್ಯ. ಕಾಲ, ಲಿಂಗ, ವಚನ ಎಲ್ಲ ಅದರೊಳಗಿವೆ. ಬಿದ್ದ, ಬಿದ್ದಳು, ಬೀಳಿಸಿದ, ಬಿದ್ದೋಯ್ತು: ಯಾರು ಬಿದ್ದರು, ಯಾರು ಬೀಳಿಸಿದರು, ಅಯ್ಯೋ ಅನಿಸಿತೇ ಎಂಬುದೆಲ್ಲ ಆ ಒಂದು ಮಾತಿನ ಬಾಲದಲ್ಲೇ ಗೊತ್ತಾಗುತ್ತದೆ. ಮಾತು ತಡವಾದ ಎಷ್ಟೋ ಮಕ್ಕಳು ತಡವರಿಸುವುದು ಈ ಬಾಲಗಳಲ್ಲೇ. ಚಿತ್ರಗಳ ಹೆಸರು ಹೇಳಿಸುತ್ತ ಕೂತರೆ ಆ ಬಾಲಗಳು ಮಗುವಿನ ಕಿವಿಗೂ ಬೀಳುವುದಿಲ್ಲ.

ಮಗುವನ್ನು ಮಾತಿಗೆಳೆಯುತ್ತ ಓದುವ ಪದ್ಧತಿಗೆ ಬುನಾದಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ. ಅಲ್ಲಿ ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಓದಿ ಹೇಳಿದವರು ಅಪ್ಪ ಅಮ್ಮಂದಿರು, ಅದೂ ಮನೆಯಲ್ಲೇ, ಒಂದು ತಿಂಗಳು. ಪ್ರಶ್ನೆಗಳಿದ್ದವು, ನಿಜ. ಆದರೆ ಮಗುವಿಗೆ ಮಾತಾಡಲು ಜಾಗ ಬಿಡುವ ಪ್ರಶ್ನೆಗಳು. ಮಗು ಆಡಿದ ಮಾತನ್ನು ಬೆಳೆಸಿ ಹೇಳುವುದೂ ಅಷ್ಟೇ ಮುಖ್ಯವಾಗಿತ್ತು. ನಮ್ಮ ತರಬೇತಿಯಲ್ಲಿ ಪ್ರಶ್ನೆ ಉಳಿದು, ಬೆಳೆಸುವ ಕೆಲಸ ಸೋರಿಹೋಗಿದೆ.

ಮಗುವಿಗೆ ಜಾಗ ಬಿಡುವುದು ನಮಗೆ ಹೊಸದೇನಲ್ಲ. ಅಜ್ಜಿ ಕತೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು. ‘ಹೂಂ’ ನಿಂತರೆ ಕತೆಯೂ ನಿಲ್ಲುತ್ತಿತ್ತು. ಆ ‘ಹೂಂ’ಗೆ ಸರಿ ತಪ್ಪಿನ ಅಂಜಿಕೆಯಿಲ್ಲ. ಮಾತು ಬಾರದ ಮಗುವೂ ಅಷ್ಟನ್ನು ಹೇಳಿ, ತಲೆಯಾಡಿಸಿ ಕತೆಯೊಳಗೆ ಬರಬಹುದು. ಇದನ್ನು ಕಲಿಸಲು ಯಾವ ಪಠ್ಯಕ್ರಮವೂ ಬದಲಾಗಬೇಕಿಲ್ಲ.

ಕತೆ ಕನ್ನಡದಲ್ಲೇ ಆಗಬೇಕೆಂದೂ ಇಲ್ಲ. ಬಿಟಿಎಂ ಲೇಔಟ್‌ನ ಯಾವುದೋ ಮನೆಯಲ್ಲಿ ಆಡುವುದು ತೆಲುಗೋ ತಮಿಳೋ ಉರ್ದುವೋ ಆದರೆ ಅಮ್ಮ ಅದರಲ್ಲೇ ಕತೆ ಹೇಳಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಈ ಭಾಷೆಗಳ ಚಿತ್ರಪುಸ್ತಕಗಳು ದುಡ್ಡಿಲ್ಲದೆ ಸಿಗುತ್ತವೆ.

ತರಬೇತಿ ಕೊಡುವವರಲ್ಲಿ ಒಂದು ವಿನಂತಿ. ಮುಂದಿನ ಸೆಷನ್‌ನಲ್ಲಿ ವಿದ್ಯಾರ್ಥಿನಿ ಎಷ್ಟು ಪ್ರಶ್ನೆ ಕೇಳಿದಳೆಂದು ಎಣಿಸಬೇಡಿ. ಪುಟ ತಿರುಗಿಸಿ ಎಷ್ಟು ಹೊತ್ತು ಸುಮ್ಮನೆ ಕಾದಳು, ಮಗು ‘ಬಿತ್ತು’ ಎಂದಾಗ ‘ಹೂಂ, ಚೆಂಡು ಬಾವಿಗೆ ಬಿದ್ದೋಯ್ತು’ ಎಂದಳೇ, ಅದನ್ನು ಬರೆದುಕೊಳ್ಳಿ.