ಹರಕಿನ ಕುಲಶೋಧನೆ

ಸ್ಕಾಟ್ ನುಡಿಯ ‘ಡಡ್ಸ್’ ಎಂಬ ಹಳೆಯ ಶಬ್ದದ ಮೂಲವನ್ನು ವಿಚಾರಿಸೋಣ. ಹರಕು ಬಟ್ಟೆ, ಚಿಂದಿ ಎಂಬುದು ಅದರ ಅರ್ಥ, ಚಿಂದಿಯುಟ್ಟವನು ‘ಡಡ್ಡಿ’. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಒರಟು ಹೊದಿಕೆಗೆ ‘ಡುಡ್ಡೆ’ ಎಂಬ ಹೆಸರಿದ್ದಿತೆಂಬಲ್ಲಿಗೆ ಜಾಡು ನಿಲ್ಲುತ್ತದೆ. ಅದರಾಚೆಗೆ ಮೂಲ ಅಜ್ಞಾತವೆಂದೇ ಪ್ರಾಮಾಣಿಕ ಕೋಶಕಾರರ ನಿರ್ಣಯ. ಇದರ ಒಡನಾಡಿಯಾದ, ತೇಪೆಬಟ್ಟೆಯನ್ನು ಸೂಚಿಸುವ ‘ಕ್ಲೂಟ್’ ಶಬ್ದಕ್ಕಾದರೋ ಹಳೆಯ ಇಂಗ್ಲಿಷಿನಲ್ಲಿಯೇ ನಿಸ್ಸಂದಿಗ್ಧವಾದ ಪಿತೃತ್ವವುಂಟು.

ಸಿದ್ಧಾಂತವನ್ನು ಮೊದಲು ಸ್ಥಾಪಿಸಿ, ಬಳಿಕ ಶಬ್ದಗಳನ್ನು ಅದಕ್ಕೆ ಒಗ್ಗಿಸುವ ಪಂಥದೊಡನೆ ನನಗೆ ಬಹುಕಾಲದ ವಿವಾದ. ಫಾರ್ಫರ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದ ಜಾನ್ ಜೇಮಿಸನ್ನರು, ಐಸ್ಲೆಂಡಿನ ವಿದ್ವಾಂಸ ಥಾರ್ಕೆಲಿನ್ನರ ಮಾತಿನಿಂದ ಪ್ರಚೋದಿತರಾಗಿ, ಆಡುನುಡಿಯ ಶಬ್ದಗಳನ್ನು ವರ್ಷಾನುವರ್ಷ ಕೂಡಿಟ್ಟು, 1808ರಲ್ಲಿ ಎರಡು ಸಂಪುಟಗಳ ಮಹಾಕೋಶವನ್ನು ಪ್ರಕಟಿಸಿದರು. ಸ್ಕಾಟ್ ನುಡಿಯು ಪಿಕ್ಟ್ ಜನರ ಗಾಥಿಕ್ ಭಾಷೆಯ ಸಂತಾನವೆಂಬ ಅವರ ವಾದ ಇಂದು ಬಿದ್ದುಹೋಗಿದೆ. ಅವರು ಸಂಗ್ರಹಿಸಿದ ಪ್ರಯೋಗಗಳಾದರೋ ಇಂದಿಗೂ ಅಮೂಲ್ಯ.

ಪ್ರಯೋಗವೆಂದೊಡನೆ ರಾಬರ್ಟ್ ಬರ್ನ್ಸ್ ಕವಿ ನೆನಪಾಗುತ್ತಾನೆ. ಇನ್ನು ವ್ಯುತ್ಪತ್ತಿಯ ಮಾತು ಅಲ್ಲಿಯೇ ಇರಲಿ. 1785ರಲ್ಲಿ ರಚಿತವಾದ ‘ಜಾಲಿ ಬೆಗ್ಗರ್ಸ್’ ಗೀತಮಾಲೆಯಲ್ಲಿ ಮಾಕ್ಲಿನ್ ಊರಿನ ಪೂಸಿ ನ್ಯಾನ್ಸಿಯ ಹೆಂಡದಂಗಡಿಯಲ್ಲಿ ನೆರೆದ ಭಿಕ್ಷುಕರು, ಜೋಳಿಗೆಯನ್ನು ಬರಿದುಮಾಡಿ, ಮಾನ ಮುಚ್ಚಲು ಸಾಲದಾಗುವಷ್ಟು ಹರಕುಗಳನ್ನೂ ಒತ್ತೆಯಿಟ್ಟು ಕುಡಿದು ಹಾಡುತ್ತಾರೆ. ಮರುವರ್ಷ ಕಿಲ್ಮಾರ್ನಾಕಿನಲ್ಲಿ ಅಚ್ಚಾದ ಅವನ ಪ್ರಥಮ ಸಂಕಲನವನ್ನು ತೆರೆದೊಡನೆ ಎದುರಾಗುವುದು ಎರಡು ನಾಯಿಗಳ ಸಂವಾದ. ಪ್ರಭುವಿನ ಮನೆಯ ಸೀಸರ್ ನಾಯಿಯ ಕೊರಳಲ್ಲಿ ಅಕ್ಷರ ಕೆತ್ತಿದ, ಬೀಗವುಳ್ಳ ಹಿತ್ತಾಳೆಯ ಪಟ್ಟಿಯುಂಟು. ಆದರೂ ಮೈಗೂದಲು ಜಡೆಗಟ್ಟಿದ ಬೀದಿನಾಯಿ ಎಷ್ಟೇ ‘ಡಡ್ಡಿ’ಯಾಗಿರಲಿ, ಅದರೊಡನೆ ನಿಂತು ಸ್ನೇಹ ಬೆಳೆಸಲು ಸೀಸರನಿಗೆ ಸಂಕೋಚವಿಲ್ಲ. ಉಡುಪೆಂಬುದೇ ಇಲ್ಲದ ಪ್ರಾಣಿಗೆ ಚಿಂದಿಯ ವಿಶೇಷಣವನ್ನಿತ್ತು, ಅದೇ ಉಸಿರಿನಲ್ಲಿ ಒಡೆಯರ ಕುಲಾಭಿಮಾನವನ್ನು ತೂಗಿ ನೋಡಿದ ಈ ಪ್ರಯೋಗಕ್ಕಿಂತ ಮಿಗಿಲಾದ ಅರ್ಥವಿವರಣೆಯನ್ನು ಯಾವ ಧಾತುಪಾಠ ಕೊಟ್ಟೀತು?

1931ರಿಂದ 1976ರವರೆಗೆ ವಿಲಿಯಂ ಗ್ರಾಂಟ್, ಅವರ ತರುವಾಯ ಡೇವಿಡ್ ಮ್ಯುರಿಸನ್ ಹತ್ತು ಸಂಪುಟಗಳಲ್ಲಿ ಸಂಪಾದಿಸಿದ ಸ್ಕಾಟಿಷ್ ರಾಷ್ಟ್ರೀಯ ನಿಘಂಟನ್ನು ನಾನು ಗೌರವಿಸುವುದು ಈ ಕಾರಣದಿಂದಲೇ: ಅದು ಶಬ್ದವನ್ನು ಆಡಿದವರ ಸಾಕ್ಷ್ಯಕ್ಕೆ ಪ್ರಥಮ ಸ್ಥಾನವಿತ್ತಿದೆ. ಕುಲ ತಿಳಿಯದ ಶಬ್ದಕ್ಕೆ ಕಲ್ಪಿತ ವಂಶವನ್ನು ಹಚ್ಚುವುದು ಪಾಂಡಿತ್ಯವಲ್ಲ. ಅದು ಬಾಳಿದ ಬಾಳನ್ನು ನಿಷ್ಠೆಯಿಂದ ಬರೆದಿಡುವುದೇ ಪಾಂಡಿತ್ಯ.