ಉದರದ ಹೆಸರೂ ಮೆದುಳಿನ ರೋಗವೂ

ರೋಗಕ್ಕೆ ಹೆಸರಿಡುವುದೆಂದರೆ ಅದನ್ನು ಎಲ್ಲಿ ಹುಡುಕಬೇಕೆಂಬುದನ್ನೂ ಹೇಳಿಬಿಟ್ಟಂತೆ. ‘ಸೀಲಿಯಾಕ್’ ಎಂಬ ಶಬ್ದವು ಹೊಟ್ಟೆಯೆಂಬ ಅರ್ಥವುಳ್ಳ ಗ್ರೀಕ್ ಪದದಿಂದ ಹುಟ್ಟಿದುದು. ಕಪಡೋಷಿಯದ ಅರೆಟೇಯಸನೆಂಬ ಪ್ರಾಚೀನ ವೈದ್ಯನು ಆ ಪದದಿಂದಲೇ ಒಂದು ಜೀರ್ಣವಿಕಾರವನ್ನು ವರ್ಣಿಸಿದನು. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯಲ್ ಗೀ ಅವರು ಹಳೆಯ ಹೆಸರನ್ನು ಎತ್ತಿಕೊಂಡು, ಪಥ್ಯವೇ ಇದಕ್ಕೆ ಮುಖ್ಯ ಚಿಕಿತ್ಸೆಯೆಂದರು. ವರ್ಜಿಸಬೇಕಾದ ವಸ್ತು ಗೋಧಿಯೆಂಬುದನ್ನು ಹಾಲೆಂಡಿನ ಮಕ್ಕಳ ವೈದ್ಯರಾದ ವಿಲ್ಲೆಮ್ ಡಿಕ್ಕೆಯವರು 1950ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಗೋಧಿ, ಬಾರ್ಲಿ ಮೊದಲಾದ ಧಾನ್ಯಗಳಲ್ಲಿರುವ ಗ್ಲೂಟನ್ ಎಂಬ ಅಂಟು ಸಸಾರಜನಕವನ್ನು ಸಹಿಸದ ದೇಹವು ತನ್ನ ಸಣ್ಣ ಕರುಳನ್ನು ತಾನೇ ಕೆಡಿಸಿಕೊಳ್ಳುವುದೆಂದು ಈಗ ತಿಳಿದಿದೆ. ಇಷ್ಟಾದರೂ ಹೆಸರು ಹೊಟ್ಟೆಯಲ್ಲಿಯೇ ಉಳಿಯಿತು. ವೈದ್ಯರ ದೃಷ್ಟಿಯೂ ಬಹುಕಾಲ ಅಲ್ಲಿಯೇ ನಿಂತಿತು.

ಈ ದೃಷ್ಟಿಯನ್ನು ಮೆದುಳಿನ ಕಡೆಗೆ ತಿರುಗಿಸಿದವರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನ ನರರೋಗ ವೈದ್ಯರಾದ ಮಾರಿಯೋಸ್ ಹಾಜಿವಾಸಿಲಿಯು ಅವರು ಪ್ರಮುಖರು. ಮೊದಲಿಗರು ಇವರೇ ಎನ್ನಲಾಗದು. ಕುಕ್ ಮತ್ತು ಸ್ಮಿತ್ ಎಂಬುವರು 1966ರಲ್ಲಿಯೇ ಸೀಲಿಯಾಕ್ ರೋಗವಿದ್ದು ನರಗಳೂ ಕೆಟ್ಟಿದ್ದ 16 ಮಂದಿಯ ವೃತ್ತಾಂತವನ್ನು ಪ್ರಕಟಿಸಿದ್ದರು. ಹಾಜಿವಾಸಿಲಿಯು ಅವರ ಹೆಚ್ಚಳವು ವಿಚಾರದ ದಿಕ್ಕನ್ನೇ ತಿರುವುಮುರುವು ಮಾಡಿದುದರಲ್ಲಿದೆ. ಹಿಂದಿನವರು ಕರುಳಿನ ರೋಗಿಗಳಲ್ಲಿ ನರದೋಷವನ್ನು ಕಂಡರು. ಇವರು ಕಾರಣ ತಿಳಿಯದ ನರರೋಗಿಗಳಲ್ಲಿ ಗ್ಲೂಟನ್ನಿನ ಗುರುತನ್ನು ಹುಡುಕಿದರು.

1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಇವರ ಲೇಖನದ ಶೀರ್ಷಿಕೆಯು ಒಂದು ಪ್ರಶ್ನೆಯ ರೂಪದಲ್ಲಿದೆ, ಅದು ಶ್ಲಾಘ್ಯ. ಕಾರಣವರಿಯದ 53 ಮಂದಿ ನರರೋಗಿಗಳಲ್ಲಿ ಶೇಕಡ 57 ಜನಕ್ಕೆ ಗೋಧಿಯ ಅಂಶಕ್ಕೆದುರಾದ ಪ್ರತಿಕಾಯಗಳು ರಕ್ತದಲ್ಲಿದ್ದವು. ಕಾರಣ ತಿಳಿದಿದ್ದ ಇತರ ನರರೋಗಿಗಳಲ್ಲಿ ಶೇಕಡ 5ರಷ್ಟು ಮಾತ್ರ. 1998ರಲ್ಲಿ ಅವರು 28 ರೋಗಿಗಳನ್ನು ವರ್ಣಿಸಿದರು. ಇವರದು ಹೆಜ್ಜೆ ತೂರಾಡುವ, ಕೈ ಗುರಿ ತಪ್ಪುವ, ಮಾತು ತೊಡರುವ ವ್ಯಾಧಿ. ಹೆಚ್ಚಿನವರಿಗೆ ಹೊಟ್ಟೆಯ ದೂರೇ ಇರಲಿಲ್ಲ. ಮೃತರಾದ ಇಬ್ಬರಲ್ಲಿ, ಚಲನೆಯ ಹೊಂದಿಕೆಯನ್ನು ಕಾಯುವ ಅನುಮಸ್ತಿಷ್ಕದೊಳಗೆ ಬಿಳಿಯ ರಕ್ತಕಣಗಳು ನುಗ್ಗಿದ್ದುದು ಕಂಡಿತು. ಈ ವ್ಯಾಧಿಗೆ ಅವರಿತ್ತ ಹೆಸರು ‘ಗ್ಲೂಟನ್ ಅಟಾಕ್ಸಿಯ’.

ನಮ್ಮ ಆಕ್ಷೇಪಣೆಯು ಇಲ್ಲಿಂದ ಮೊದಲಾಗುತ್ತದೆ. 1996ರ ಲೆಕ್ಕದಲ್ಲಿಯೇ ಆರೋಗ್ಯವಂತರಾದ ರಕ್ತದಾನಿಗಳಲ್ಲಿ ಶೇಕಡ 12 ಜನಕ್ಕೆ ಆ ಪ್ರತಿಕಾಯಗಳಿದ್ದವು. ಎಂಟು ಮಂದಿಯಲ್ಲಿ ಒಬ್ಬರಿಗೆ ನಿರಪಾಯವಾಗಿ ಇರಬಲ್ಲ ಗುರುತು ಸಾಹಚರ್ಯವನ್ನು ತೋರಿಸೀತೇ ಹೊರತು ಕಾರಣತ್ವವನ್ನು ಸಾಧಿಸಲಾರದು. ಹೆಸರಾದರೋ ಕಾರಣವನ್ನು ಸಿದ್ಧವೆಂದೇ ಭಾವಿಸುತ್ತದೆ. ಹೊಟ್ಟೆಯ ಹೆಸರಿನಿಂದ ರೋಗವನ್ನು ಬಿಡಿಸಿದವರು ಮತ್ತೊಂದು ಹೆಸರಿನಿಂದ ಅದನ್ನು ಕಟ್ಟಿದಂತಾಯಿತು.

2003ರ ಪಥ್ಯಪರೀಕ್ಷೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಪಥ್ಯವನ್ನು ನಿಷ್ಠೆಯಿಂದ ನಡೆಸಿದ 26 ಮಂದಿ, ಕರುಳು ಕೆಟ್ಟಿರಲಿ ಬಿಡಲಿ, ಸುಧಾರಿಸಿದರು. ಪಥ್ಯವನ್ನು ಒಲ್ಲದ 14 ಮಂದಿಯೊಡನೆ ಅವರನ್ನು ಹೋಲಿಸಲಾಯಿತು. ಆದರೆ ಈ ಎರಡು ಪಂಗಡಗಳನ್ನು ವಿಂಗಡಿಸಿದುದು ಚೀಟಿಯೆತ್ತಿ ಅಲ್ಲ, ರೋಗಿಗಳ ಇಚ್ಛೆಯಿಂದ. ಪಥ್ಯಕ್ಕೆ ಒಪ್ಪುವ ಮನಸ್ಸು ಮತ್ತಿತರ ಆರೋಗ್ಯನಿಯಮಗಳನ್ನೂ ಪಾಲಿಸೀತು. ಆದುದರಿಂದ ಫಲವೆಲ್ಲವೂ ಪಥ್ಯದ್ದೇ ಎಂದು ನಿರ್ಣಯಿಸಲು ಈ ಪರೀಕ್ಷೆಯೊಂದೇ ಸಾಲದು.

ಇದನ್ನು ಪಂಡಿತರ ವಾಗ್ವಾದವೆಂದು ತಳ್ಳುವಂತಿಲ್ಲ. ಅನುಮಸ್ತಿಷ್ಕದಲ್ಲಿ ನಾಶವಾದ ನರಕೋಶಗಳು ಮತ್ತೆ ಹುಟ್ಟುವುದಿಲ್ಲ. ಪೂರ್ಣಪ್ರಮಾಣ ದೊರೆಯುವವರೆಗೂ ರೋಗಿಯನ್ನು ಕಾಯಿಸಿದರೆ, ಸತ್ಯವು ಬರುವ ಹೊತ್ತಿಗೆ ಅವನ ಹೆಜ್ಜೆ ಹೋಗಿರುತ್ತದೆ. ಇತ್ತ ಜನಪ್ರಿಯ ಬರೆಹಗಾರರು ಗೋಧಿಯು ಸರ್ವರ ಮೆದುಳಿಗೂ ವಿಷವೆಂದು ಸಾರುತ್ತಿದ್ದಾರೆ. ಷೆಫೀಲ್ಡಿನ ಈ ಪುಟಗಳಲ್ಲಿ ಅದಕ್ಕೆ ಆಧಾರವಿಲ್ಲ. ಕಾರಣವರಿಯದ ಅಟಾಕ್ಸಿಯವಿದ್ದವನ ರಕ್ತವನ್ನು, ಅವನ ಹೊಟ್ಟೆ ನೆಟ್ಟಗಿದ್ದರೂ, ತಡಮಾಡದೆ ಪರೀಕ್ಷಿಸಬೇಕೆಂಬಷ್ಟನ್ನು ಮಾತ್ರ ಇವು ನ್ಯಾಯವಾಗಿ ಕೇಳುತ್ತವೆ. ಹಾಜಿವಾಸಿಲಿಯು ಅವರ ಉತ್ತರಗಳಲ್ಲಿ ಕೆಲವು ಮುಂದೆ ತಿದ್ದುಪಡಿ ಹೊಂದಬಹುದು. ಅವರ ಪ್ರಶ್ನೆಯನ್ನು ಮಾತ್ರ ಇನ್ನು ಯಾವ ನರವೈದ್ಯನೂ ಕೇಳದೆ ಬಿಡಲಾರನು.